ರೊಟ್ಟಿಯ ಪಕ್ಕದಲ್ಲಿ ಏನಿದೆ? 45 ದಾಟಿದ ಹೆಣ್ಣುಮಕ್ಕಳ ಎಲುಬಿಗೆ ಊಟದ ಲೆಕ್ಕ

"ಅಕ್ಕಾರ, ಡಾಕ್ಟರು ಎಲುಬು ಸವದಾವ ಅಂದ್ರು. ಕ್ಯಾಲ್ಸಿಯಂ ಗುಳಿಗಿ ಕೊಟ್ಟಾರ. ಊಟದಾಗ ಏನ್ ತಗೋಬೇಕು?"

ವಾರಕ್ಕೆ ಎರಡು ಸಲವಾದರೂ ಈ ಪ್ರಶ್ನೆ ಬರುತ್ತದೆ. ಹುಬ್ಬಳ್ಳಿಯಿಂದ, ಗದಗಿನಿಂದ, ಹಾವೇರಿ ಕಡೆಯಿಂದ. ಕೇಳುವವರ ವಯಸ್ಸು 45ರಿಂದ 70. ಕೆಲವು ಸಲ ಮಗಳು ಕೇಳುತ್ತಾಳೆ, ಅವ್ವನ ಪರವಾಗಿ. ಒಬ್ಬೊಬ್ಬರಿಗೆ ಬೇರೆ ಬೇರೆ ಬರೆದು ಸಾಕಾಯಿತು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಹಾಕುತ್ತಿದ್ದೇನೆ. ಊಟದ ವಿಷಯವನ್ನು ವಿವರವಾಗಿ ಹೇಳುತ್ತೇನೆ. ಔಷಧದ ವಿಷಯದಲ್ಲಿ ಎಲ್ಲಿ ಎಡವುತ್ತೀರಿ ಅನ್ನುವುದನ್ನಷ್ಟೇ ಹೇಳುತ್ತೇನೆ. ಯಾವ ಔಷಧ, ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಬೇಕಾಗುವ ಸಾಮಾನು ಕಡಿಮೆ. ಒಂದು ನೋಟ್‌ಬುಕ್, ದರ್ಜಿಯ ಅಳತೆ ಟೇಪು, ಪೆನ್ಸಿಲ್, 200 ಮಿಲಿ ಹಿಡಿಯುವ ಒಂದು ಲೋಟ. ಜೊತೆಗೆ ಹಳೆಯ ರಿಪೋರ್ಟುಗಳು ಮತ್ತು ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಚೀಟಿ.

1. ಸವೆದಿದ್ದು ಯಾವುದು, ಮೊದಲು ತಿಳಿದುಕೊಳ್ಳಿ

ನಮ್ಮ ಭಾಷೆಯಲ್ಲಿ ಒಂದು ತೊಡಕಿದೆ. "ಎಲುಬು ಸವೆದಿದೆ" ಅಂತ ನಾವು ಎರಡು ಬೇರೆ ಬೇರೆ ಕಾಯಿಲೆಗೆ ಹೇಳುತ್ತೇವೆ.

ಒಂದು, ಮೊಣಕಾಲಿನಂಥ ಕೀಲುಗಳಲ್ಲಿ ಎಲುಬಿನ ತುದಿಗೆ ಮೆತ್ತೆಯ ಹಾಗಿರುವ ಮೃದ್ವಸ್ಥಿ ಸವೆಯುವುದು. ಇದಕ್ಕೆ ಆಸ್ಟಿಯೋಆರ್ಥ್ರೈಟಿಸ್ ಅನ್ನುತ್ತಾರೆ. ಇದು ನೋಯುತ್ತದೆ. ಕೂತು ಏಳುವಾಗ, ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ.

ಎರಡು, ಎಲುಬಿನ ಒಳಗಿನ ಗಟ್ಟಿತನವೇ ಕಡಿಮೆಯಾಗಿ, ಗೆದ್ದಲು ತಿಂದ ಕಟ್ಟಿಗೆಯಂತೆ ಟೊಳ್ಳಾಗುವುದು. ಇದು ಆಸ್ಟಿಯೋಪೊರೋಸಿಸ್. ಇದು ನೋಯುವುದಿಲ್ಲ. ಮುರಿಯುವವರೆಗೂ ಸುಮ್ಮನಿರುತ್ತದೆ.

ಈ ಲೇಖನ ಎರಡನೆಯದರ ಬಗ್ಗೆ. ಮೊಣಕಾಲು ನೋವಿಗೆ ಅಂತ ವರ್ಷಗಟ್ಟಲೆ ಕ್ಯಾಲ್ಸಿಯಂ ಗುಳಿಗೆ ನುಂಗಿ, "ಏನೂ ಫರಕ್ ಬೀಳಲಿಲ್ಲ" ಅನ್ನುವವರು ಬಹಳ ಜನ. ಬೀಳುವುದೂ ಇಲ್ಲ. ಆ ನೋವಿಗೆ ಅದು ಮದ್ದೇ ಅಲ್ಲ. ಹಾಗೆಯೇ "ನನಗೆ ಎಲ್ಲೂ ನೋವಿಲ್ಲ, ಎಲುಬು ಗಟ್ಟಿ ಇವೆ" ಅನ್ನುವುದೂ ತಪ್ಪು ಲೆಕ್ಕ. ಡಾಕ್ಟರ ಹತ್ತಿರ ಹೋದಾಗ ನೇರವಾಗಿ ಕೇಳಿ: "ಕೀಲು ಸವೆದಿದೆಯೋ, ಎಲುಬು ಟೊಳ್ಳಾಗಿದೆಯೋ?" ಎರಡೂ ಇದ್ದರೆ ಎರಡಕ್ಕೂ ದಾರಿ ಬೇರೆ.

2. ನಿಮ್ಮ ಪಾಳಿ ಎಷ್ಟು ಹತ್ತಿರ ಇದೆ ನೋಡಿ

ಎಲುಬು ಸುಮಾರು 30ರ ವಯಸ್ಸಿನ ಹೊತ್ತಿಗೆ ಅತಿ ಗಟ್ಟಿಯಾಗಿರುತ್ತದೆ. ಆಮೇಲೆ ನಿಧಾನವಾಗಿ ಇಳಿಕೆ. ಮುಟ್ಟು ನಿಂತ ಮೇಲೆ ಆ ಇಳಿಕೆ ಓಟವಾಗುತ್ತದೆ. ಕಾರಣ, ಎಲುಬನ್ನು ಕಾಯುತ್ತಿದ್ದ ಈಸ್ಟ್ರೋಜನ್ ಹಾರ್ಮೋನು ಇಳಿದುಬಿಡುತ್ತದೆ. ಮೊದಲ 5ರಿಂದ 7 ವರ್ಷಗಳಲ್ಲಿ ಕೆಲವರು ತಮ್ಮ ಎಲುಬಿನ ಸಾಂದ್ರತೆಯಲ್ಲಿ ನೂರಕ್ಕೆ 20ರವರೆಗೂ ಕಳೆದುಕೊಳ್ಳುತ್ತಾರೆ. ಅಂದರೆ ಜಾಗ್ರತೆ ಬೇಕಾದದ್ದು 70ಕ್ಕಲ್ಲ, 45-50ಕ್ಕೆ.

ನೋಟ್‌ಬುಕ್‌ನಲ್ಲಿ ಇವಕ್ಕೆ ಉತ್ತರ ಬರೆಯಿರಿ. ಮುಟ್ಟು ಯಾವ ವಯಸ್ಸಿಗೆ ನಿಂತಿತು? 45ಕ್ಕಿಂತ ಮೊದಲೇ ನಿಂತಿದ್ದರೆ ಅಪಾಯ ಜಾಸ್ತಿ. ಅವ್ವನಿಗೋ ಅಪ್ಪನಿಗೋ ತೊಡೆಯ ಕೀಲಿನ ಎಲುಬು ಮುರಿದಿತ್ತಾ? ದಮ್ಮಿಗೆ, ಸಂಧಿವಾತಕ್ಕೆ, ಚರ್ಮಕ್ಕೆ ಅಂತ ಮೂರು ತಿಂಗಳಿಗಿಂತ ಹೆಚ್ಚು ಸ್ಟಿರಾಯ್ಡ್ ಗುಳಿಗೆ ತೆಗೆದುಕೊಂಡಿದ್ದೀರಾ? ಥೈರಾಯ್ಡ್ ಇದೆಯಾ? ಮೈಯಲ್ಲಿ ತೂಕ ತೀರಾ ಕಡಿಮೆಯಾ? ಮಿಶ್ರಿ (ಸುಟ್ಟ ತಂಬಾಕಿನ ಪುಡಿ) ಹಚ್ಚುತ್ತೀರಾ, ತಂಬಾಕು ಹಾಕುತ್ತೀರಾ? 40 ದಾಟಿದ ಮೇಲೆ ಸಣ್ಣ ಬೀಳುವಿಕೆಗೇ ಮಣಿಕಟ್ಟು ಮುರಿದಿತ್ತಾ? ಈ ಕೊನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ಲಾಸ್ಟರ್ ಹಾಕಿಸಿ, ಬಿಚ್ಚಿಸಿ, ಮರೆತುಬಿಡುತ್ತಾರೆ. ಅದು ಎಲುಬು ಕೊಟ್ಟ ಮೊದಲ ನೋಟಿಸು.

ಇನ್ನೊಂದು ಮಾತು. ನಮ್ಮ ಕಡೆ 40ರೊಳಗೇ ಗರ್ಭಚೀಲ ತೆಗೆಸಿಕೊಂಡವರು ಕಡಿಮೆ ಏನಿಲ್ಲ. ಅದರ ಜೊತೆ ಅಂಡಾಶಯಗಳನ್ನೂ ತೆಗೆದಿದ್ದರೆ, ಆ ದಿನದಿಂದಲೇ ನಿಮ್ಮ ಎಲುಬಿಗೆ ಮುಟ್ಟು ನಿಂತ ಲೆಕ್ಕ. ಅಂಡಾಶಯ ಉಳಿಸಿದ್ದರೂ, ಮುಟ್ಟೇ ಇಲ್ಲದ ಕಾರಣ ಅವು ಯಾವಾಗ ಕೆಲಸ ನಿಲ್ಲಿಸಿದವು ಅಂತ ನಿಮಗೆ ಗೊತ್ತಾಗುವುದಿಲ್ಲ. ಆಪರೇಷನ್ ಕಾಗದ ಹುಡುಕಿ ತೆಗೆಯಿರಿ. ಏನೇನು ತೆಗೆದಿದ್ದಾರೆ ಅಂತ ಡಾಕ್ಟರಿಂದ ಓದಿಸಿಕೊಳ್ಳಿ.

ಈಗ ಟೇಪು. ಚಪ್ಪಲಿ ಬಿಟ್ಟು ಗೋಡೆಗೆ ಹಿಮ್ಮಡಿ ತಾಗಿಸಿ ನಿಂತುಕೊಳ್ಳಿ. ತುರುಬು ಬಿಚ್ಚಿ. ನೆತ್ತಿಯ ಮೇಲೆ ಒಂದು ಪುಸ್ತಕ ಇಟ್ಟು, ಮಗಳಿಂದಲೋ ಸೊಸೆಯಿಂದಲೋ ಗೋಡೆಗೆ ಪೆನ್ಸಿಲ್ ಗೀರು ಹಾಕಿಸಿ. ತಾರೀಖು ಬರೆಯಿರಿ. ಮೊದಲಿನ ಎತ್ತರಕ್ಕಿಂತ 4 ಸೆಂಟಿಮೀಟರ್ ಕಡಿಮೆಯಾಗಿದ್ದರೆ ಬೆನ್ನುಹುರಿ ಕಾಯುವ ಮಣಿಗಳಲ್ಲಿ ಯಾವುದೋ ಒಂದು ಸದ್ದಿಲ್ಲದೆ ಕುಸಿದಿರಬಹುದು. ಹಳೆಯ ಎತ್ತರ ಗೊತ್ತಿಲ್ಲದಿದ್ದರೆ ಇವತ್ತಿನ ಗೀರೇ ಲೆಕ್ಕದ ಶುರು. ವರ್ಷಕ್ಕೊಮ್ಮೆ ಅಲ್ಲೇ ನಿಂತು ನೋಡಿ. ಯುಗಾದಿಗೆ ಬಣ್ಣ ಹಚ್ಚುವವರಿಗೆ ಆ ಗೀರು ಅಳಿಸಬೇಡಿ ಅಂತ ಮೊದಲೇ ಹೇಳಿಡಿ!

3. ಮೂರು ದಿನ ತಿಂದದ್ದನ್ನೆಲ್ಲ ಬರೆಯಿರಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಎಲ್ಲರೂ ಇದನ್ನೇ ಬಿಡುತ್ತಾರೆ.

ಮನೆಯಲ್ಲಿ ಮಾಡಿದ್ದನ್ನಲ್ಲ, ನಿಮ್ಮ ತಾಟಿಗೆ ಬಂದದ್ದನ್ನು ಬರೆಯಿರಿ. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಮಧ್ಯಾಹ್ನ ಎರಡೂವರೆಗೆ ಎಲ್ಲರದೂ ಆದ ಮೇಲೆ ಅಡಿಗೆಮನೆಯಲ್ಲಿ ಕೂತವರ ತಾಟು ನೋಡಿದ್ದೀರಾ? ಮೂರು ರೊಟ್ಟಿ, ಬೋಗುಣಿಯ ತಳದಲ್ಲಿ ಉಳಿದ ಬದನೆಕಾಯಿ ಪಲ್ಯ, ಒಂದು ಚಮಚ ಶೇಂಗಾ ಹಿಂಡಿ (ಚಟ್ನಿಪುಡಿ). ಮೊಸರಿನ ಗಡಿಗೆ ಖಾಲಿ. ಅದಕ್ಕೆ ನೀರು ಹಾಕಿ ಅಲ್ಲಾಡಿಸಿ, ಉಪ್ಪು ಹಾಕಿ, ಅದನ್ನೇ ಮಜ್ಜಿಗೆ ಅಂತ ಕುಡಿಯುವುದು.

ಈ ತಾಟಿಗೆ ದಿನದ ಚಹಾ, ಸಾರು-ಅನ್ನ ಕೂಡಿಸಿ ಇಡೀ ದಿನದ ಕ್ಯಾಲ್ಸಿಯಂ ಲೆಕ್ಕ ಹಾಕೋಣ. ಅಂಕಿಗಳು ಅಂದಾಜಿನವು, ಆದರೆ ಚಿತ್ರ ಸರಿಯಾಗಿಯೇ ಇದೆ.

ಮೂರು ಜೋಳದ ರೊಟ್ಟಿ: 50 ಮಿಲಿಗ್ರಾಂ.
ದಿನಕ್ಕೆ ಮೂರು ಸಲ ಚಹಾ, ಒಟ್ಟು 150 ಮಿಲಿ ಹಾಲು: 180.
ಬದನೆಕಾಯಿ ಪಲ್ಯ: 20.
ತೊಗರಿಬೇಳೆ ಸಾರು, ಅನ್ನ: 30.
ಶೇಂಗಾ ಹಿಂಡಿ ಒಂದು ಚಮಚ: 6.
ನೀರು ಮಜ್ಜಿಗೆ ಒಂದು ಲೋಟ: ಹೆಚ್ಚೆಂದರೆ 60.

ಎಲ್ಲ ಕೂಡಿಸಿದರೆ 350ರ ಆಸುಪಾಸು. ಬೇಕಾದದ್ದು ಎಷ್ಟು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಜೊತೆ ಸೇರಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ. ಮುಟ್ಟು ನಿಂತ ಹೆಣ್ಣುಮಕ್ಕಳಿಗೆ 1200.

ಇಲ್ಲಿ ನಮ್ಮ ಭಾಗದ್ದೇ ಆದ ಒಂದು ವಿಷಯ ಇದೆ. ರಾಗಿ ತಿನ್ನುವವರಿಗೆ ಹಿಟ್ಟಿನಲ್ಲೇ ಕ್ಯಾಲ್ಸಿಯಂ ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ. ಅಷ್ಟೇ ಜೋಳದಲ್ಲಿ 28. "ಜ್ವಾಳ ತಿಂದವ ತೋಳ ಆಗ್ತಾನ" ಅಂತ ನಾವು ಎಷ್ಟೇ ಹೇಳಿಕೊಂಡರೂ ಕ್ಯಾಲ್ಸಿಯಂ ವಿಷಯದಲ್ಲಿ ಜೋಳ ಬಡವ. ಜೋಳದಲ್ಲಿ ನಾರು ಇದೆ, ಕಬ್ಬಿಣ ಇದೆ, 100 ಗ್ರಾಂಗೆ 10 ಗ್ರಾಂ ಪ್ರೋಟೀನ್ ಇದೆ. ಅದನ್ನು ಬಿಡುವ ಮಾತೇ ಇಲ್ಲ. ಆದರೆ ರೊಟ್ಟಿ ಊಟದಲ್ಲಿ ಎಲುಬಿಗೆ ಸಿಗುವುದೆಲ್ಲ ರೊಟ್ಟಿಯ ಪಕ್ಕದಲ್ಲಿ ಇರುವುದರಿಂದ. ಮೊಸರು, ಸೊಪ್ಪು, ಹಿಂಡಿ, ಕಾಳು. ಮನೆಯಲ್ಲಿ ಮೊದಲು ಖಾಲಿಯಾಗುವುದೂ ಇವೇ. ಕೊನೆಗೆ ಕೂತವರಿಗೆ ಉಳಿಯುವುದು ರೊಟ್ಟಿ.

4. ಖಾಲಿ ಜಾಗ ತುಂಬಿ

850 ಮಿಲಿಗ್ರಾಂ ಕೊರತೆ ಅಂದಾಗ ಗಾಬರಿಯಾಗುತ್ತದೆ. ಒಂದೊಂದೇ ಸೇರಿಸುತ್ತ ಹೋಗಿ, ವಾರಕ್ಕೆ ಒಂದು. ಎಲ್ಲ ಒಂದೇ ದಿನ ಶುರು ಮಾಡಿದವರು ಹದಿನೈದನೇ ದಿನಕ್ಕೆ ಎಲ್ಲವನ್ನೂ ಬಿಟ್ಟಿರುತ್ತಾರೆ.

ಮೊದಲ ವಾರ, ಮೊಸರು. ಹೆಪ್ಪು ಹಾಕುವಾಗಲೇ ನಿಮ್ಮದು ಅಂತ ಒಂದು ಸಣ್ಣ ಬಟ್ಟಲು ಬೇರೆ ಇಡಿ. 150 ಗ್ರಾಂ ಗಟ್ಟಿ ಮೊಸರಿಗೆ ಸುಮಾರು 180 ಮಿಲಿಗ್ರಾಂ. "ನನಗೊಬ್ಬಳಿಗೇ ಬೇರೆ ಬಟ್ಟಲಾ?" ಅಂತ ಮುಜುಗರ ಪಡುವವರಿಗೆ ನಾನು ಹೇಳುವುದು ಇಷ್ಟೇ: ಮನೆಯವರ ಬಿಪಿ ಗುಳಿಗೆ ಡಬ್ಬಿ ಬೇರೆ ಇಲ್ವಾ? ಇದೂ ಹಾಗೇ.

ಎರಡನೇ ವಾರ, ಒಂದು ಲೋಟ ಹಾಲು. 200 ಮಿಲಿಗೆ 240 ಮಿಲಿಗ್ರಾಂ. ಎಮ್ಮೆ ಹಾಲು, ಆಕಳ ಹಾಲು ಎರಡರಲ್ಲೂ ಕ್ಯಾಲ್ಸಿಯಂ ಹೆಚ್ಚು ಕಡಿಮೆ ಒಂದೇ. ಕೊಲೆಸ್ಟರಾಲ್ ಇದ್ದವರು ಕೆನೆ ತೆಗೆದು ಕುಡಿಯಬಹುದು. ಕೆನೆಯ ಜೊತೆ ಹೋಗುವುದು ಕೊಬ್ಬು, ಕ್ಯಾಲ್ಸಿಯಂ ಹಾಲಿನಲ್ಲೇ ಉಳಿಯುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬುವವರು ಇನ್ನೊಂದು ಬಟ್ಟಲು ಮೊಸರು ತೆಗೆದುಕೊಳ್ಳಿ. ಪೇಡೆಯಲ್ಲೂ ಹಾಲಿದೆ ಅಲ್ವಾ ಅಂತ ಧಾರವಾಡದವರು ಕೇಳುತ್ತಾರೆ. ಇದೆ. ಸಕ್ಕರೆಯೂ ಅಷ್ಟೇ ಇದೆ.

ಮೂರನೇ ವಾರ, ಸೊಪ್ಪು. ಇಲ್ಲಿ ಸ್ವಲ್ಪ ನಿಲ್ಲಬೇಕು. ಸೊಪ್ಪಿನಲ್ಲಿ ಎಷ್ಟಿದೆ ಅನ್ನುವುದು ಒಂದು, ಅದರಲ್ಲಿ ಮೈಗೆ ಹತ್ತುವುದು ಎಷ್ಟು ಅನ್ನುವುದು ಇನ್ನೊಂದು. ಕೆಲವು ಸೊಪ್ಪಿನಲ್ಲಿ ಆಕ್ಸಲೇಟ್ ಅನ್ನುವ ಹುಳಿ ಲವಣ ಇರುತ್ತದೆ. ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ಹೊರಗೆ ಸಾಗಿಸುತ್ತದೆ. ಪಾಲಕ್ ಈ ವಿಷಯದಲ್ಲಿ ಮೊದಲನೆಯದು. ಹಾಲಿನಿಂದ ನೂರಕ್ಕೆ 30ರಷ್ಟು ಕ್ಯಾಲ್ಸಿಯಂ ಮೈಗೆ ಹತ್ತಿದರೆ ಪಾಲಕ್‌ನಿಂದ ನೂರಕ್ಕೆ 5. ರಾಜಗಿರಿ, ಪುಂಡಿ ಸೊಪ್ಪುಗಳಲ್ಲೂ ಆಕ್ಸಲೇಟ್ ಇದೆ. ತಿನ್ನಿ, ಬಿಡಬೇಡಿ. ಕ್ಯಾಲ್ಸಿಯಂ ಲೆಕ್ಕಕ್ಕೆ ಮಾತ್ರ ಅವನ್ನು ನೆಚ್ಚಬೇಡಿ. ನೆಚ್ಚಬೇಕಾದದ್ದು ಮೆಂತ್ಯ, ನುಗ್ಗೆ ಸೊಪ್ಪು, ಮೂಲಂಗಿ ಸೊಪ್ಪು. ಒಂದು ಹೊತ್ತಿಗೆ 75 ಗ್ರಾಂ ಹಸಿ ಎಲೆ, ಅಂದರೆ ಬಿಡಿಸಿದ ಮೇಲೆ ಎರಡು ದೊಡ್ಡ ಹಿಡಿ, ಸುಮಾರು 200 ಮಿಲಿಗ್ರಾಂ ಕೊಡುತ್ತದೆ. ಹಸಿ ಮೆಂತ್ಯ ಹೆಚ್ಚಿ ಮೊಸರು ಹಾಕಿದ ಪಚಡಿ ನಮ್ಮಲ್ಲಿ ಇದ್ದೇ ಇದೆ. ಸಂತೆಯಲ್ಲಿ ಮೂಲಂಗಿ ತೆಗೆದುಕೊಂಡಾಗ "ಸೊಪ್ಪು ತೆಗೆದು ಕೊಡಲಾ?" ಅಂತ ಕೇಳುತ್ತಾರಲ್ಲ, ಬೇಡ ಅನ್ನಿ.

ನಾಲ್ಕನೇ ವಾರ, ಹಿಂಡಿ. ಶೇಂಗಾ ಹಿಂಡಿ ರುಚಿ, ಆದರೆ ಕ್ಯಾಲ್ಸಿಯಂ ಅಷ್ಟಕ್ಕಷ್ಟೇ. ಗುರೆಳ್ಳಿನಲ್ಲಿ 100 ಗ್ರಾಂಗೆ ಸುಮಾರು 300. ಅಗಸಿಯಲ್ಲೂ ಚೆನ್ನಾಗಿಯೇ ಇದೆ. ಎಳ್ಳಿನಲ್ಲಿ 1200ಕ್ಕಿಂತ ಜಾಸ್ತಿ. ಹಾಗಾಗಿ ಗುರೆಳ್ಳು ಹಿಂಡಿ ಕುಟ್ಟುವಾಗ ಅಷ್ಟೇ ಎಳ್ಳನ್ನೂ ಹುರಿದು ಸೇರಿಸಿ. ದಿನಕ್ಕೆ ದೊಡ್ಡ ಚಮಚದಲ್ಲಿ ಎರಡು ಚಮಚ ಹೋದರೆ 150 ಮಿಲಿಗ್ರಾಂ. ಸಂಕ್ರಾಂತಿಗೆ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುತ್ತೀರಲ್ಲ, ಅದನ್ನು ವರ್ಷವಿಡೀ ಮಾಡಿದರೆ ಯಾರೂ ಬೇಡ ಅನ್ನುವುದಿಲ್ಲ. ಒಂದು ಎಚ್ಚರಿಕೆ: ಅಂಗಡಿಯಲ್ಲಿ ಸಿಗುವ, ಸಿಪ್ಪೆ ತೆಗೆದ ಬೆಳ್ಳಗಿನ ನುಣುಪು ಎಳ್ಳು ಬೇಡ. ಕ್ಯಾಲ್ಸಿಯಂ ಬಹುಪಾಲು ಸಿಪ್ಪೆಯಲ್ಲೇ ಇರುವುದು. ಕರಿ ಎಳ್ಳೋ, ಮಾಸಲು ಬಣ್ಣದ ಸಿಪ್ಪೆ ಇರುವ ಎಳ್ಳೋ ಕೇಳಿ ತನ್ನಿ. ಹಿಂಡಿಗೆ ಉಪ್ಪು ಅರ್ಧ ಮಾಡಿ. ಉಪ್ಪು ಜಾಸ್ತಿಯಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೊರಗೆ ಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗೂ ಇದೇ ಮಾತು.

ಐದನೇ ವಾರ, ರಾಗಿ ಮತ್ತು ಕಾಳು. ಬೆಳಿಗ್ಗೆ ಒಂದು ಬಟ್ಟಲು ರಾಗಿ ಅಂಬಲಿ, 30 ಗ್ರಾಂ ಹಿಟ್ಟು ಹಾಕಿದರೆ 110 ಮಿಲಿಗ್ರಾಂ. ಮಡಕಿ, ಹುರುಳಿ ಕಾಳನ್ನು ಮೊಳಕೆ ಬರಿಸಿ ಉಸಳಿ ಮಾಡಿ. ಕಾಳಿನಲ್ಲಿ ಫೈಟೇಟ್ ಅಂತ ಇರುತ್ತದೆ, ಅದೂ ಕ್ಯಾಲ್ಸಿಯಂ ಹಿಡಿದಿಡುತ್ತದೆ. ಮೊಳಕೆ ಬಂದಾಗ ಅದು ಕಡಿಮೆಯಾಗುತ್ತದೆ. ಒಂದು ಹಿಡಿ ಕಾಳಿಗೆ 50ರಿಂದ 80 ಹಿಡಿಯಿರಿ.

ಈಗ ಕೂಡಿಸಿ. ನೀರು ಮಜ್ಜಿಗೆಯ 60 ತೆಗೆದು, ಮೊಸರು 180, ಹಾಲು 240, ಸೊಪ್ಪು 200, ಹಿಂಡಿ 150, ಅಂಬಲಿ 110, ಕಾಳು 60. ಮೊದಲಿನದೂ ಸೇರಿ 1200 ದಾಟಿತು. ಇದರಲ್ಲಿ ಹುಬ್ಬಳ್ಳಿಯ ಜನತಾ ಬಜಾರ್‌ನಲ್ಲೋ ಧಾರವಾಡದ ಸೂಪರ್ ಮಾರ್ಕೆಟ್‌ನಲ್ಲೋ ಸಿಗದ್ದು ಒಂದೂ ಇಲ್ಲ.

ಕ್ಯಾಲ್ಸಿಯಂ ಒಂದೇ ಸಾಲದು. ಎಲುಬಿನ ಚೌಕಟ್ಟು ಪ್ರೋಟೀನಿನದು. ಐಸಿಎಂಆರ್ ಲೆಕ್ಕದಲ್ಲಿ ಒಂದು ಕಿಲೋ ತೂಕಕ್ಕೆ 0.83 ಗ್ರಾಂ. ವಯಸ್ಸಾದವರು ಕಿಲೋಗೆ ಒಂದು ಗ್ರಾಂ ಅಂತ ಇಟ್ಟುಕೊಂಡರೆ ಒಳ್ಳೆಯದು. 60 ಕಿಲೋ ಇದ್ದರೆ 60 ಗ್ರಾಂ. ಬರೀ ತಿಳಿಸಾರಿನಿಂದ ಇದು ಆಗುವುದಿಲ್ಲ. ಗಟ್ಟಿ ಬೇಳೆ, ಝುಣಕ, ಕಾಳುಪಲ್ಯ, ಮೊಸರು, ತಿನ್ನುವವರಿಗೆ ತತ್ತಿ. ಒಂದು ತತ್ತಿಗೆ 6 ಗ್ರಾಂ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮುಂಚೆ ಡಾಕ್ಟರನ್ನು ಕೇಳಬೇಕು.

ಉಪವಾಸದ ದಿನ? ಶ್ರಾವಣದಲ್ಲಿ ಸೋಮವಾರ, ಶುಕ್ರವಾರ, ಶನಿವಾರ ಅಂತ ವಾರದಲ್ಲಿ ಮೂರು ದಿನ ಚಹಾ ಮತ್ತು ಸಾಬೂದಾಣಿ ಮೇಲೆ ಕಳೆಯುವವರನ್ನು ನೋಡಿದ್ದೇನೆ. ಉಪವಾಸ ಬಿಡಿ ಅನ್ನುವುದಿಲ್ಲ. ಹಾಲು, ಮೊಸರು, ರಾಜಗಿರಿ ಕಾಳಿನ ಲಾಡು ಉಪವಾಸಕ್ಕೆ ನಡೆಯುತ್ತವೆ. ಅವನ್ನು ಸೇರಿಸಿ.

ಸುಣ್ಣದ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳುತ್ತಲೇ ಇರುತ್ತಾರೆ. "ಎಲೆ ಅಡಿಕೆಗೆ ಸುಣ್ಣ ಹಚ್ಕೋತೀನಿ, ಅದರಾಗ ಕ್ಯಾಲ್ಸಿಯಂ ಇರ್ತದಲ್ಲ?" ಇರುತ್ತದೆ. ಆದರೆ ಎಷ್ಟು ಅನ್ನುವುದಕ್ಕೆ ಅಳತೆ ಇಲ್ಲ, ಬಾಯಿ ಸುಡುತ್ತದೆ. ಜೊತೆಗೆ ಹೋಗುವ ಅಡಿಕೆ, ತಂಬಾಕಿನಿಂದ ಬಾಯಿ ಕ್ಯಾನ್ಸರಿನ ಅಪಾಯ. ಸುಣ್ಣವನ್ನು ಮೊಸರಿನಲ್ಲಿ ಕಲಸಿ ಕುಡಿಯುವ ಮೊಬೈಲ್ ವೈದ್ಯವೂ ಬೇಡ.

5. ಬಿಸಿಲು

ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಹೋಗಬೇಕಾದರೆ ವಿಟಮಿನ್ ಡಿ ಬೇಕು. ಊಟದಲ್ಲಿ ಅದು ಬಹಳ ಕಡಿಮೆ. ಚರ್ಮ ಬಿಸಿಲಿನಲ್ಲಿ ತಾನೇ ಮಾಡಿಕೊಳ್ಳುತ್ತದೆ.

ಬೆಳಿಗ್ಗೆ ಆರೂವರೆಯ ಎಳೆ ಬಿಸಿಲು ಹಿತ, ಆದರೆ ಅದರಲ್ಲಿ ಈ ಕೆಲಸ ಮಾಡುವ ಕಿರಣ ಇರುವುದೇ ಇಲ್ಲ ಅನ್ನುವಷ್ಟು ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರಬೇಕು, ಅದೇ ಗುರುತು. ಅಂದರೆ ಹೆಚ್ಚು ಕಡಿಮೆ 10ರಿಂದ 3ರ ನಡುವೆ. ತೋಳು, ಮುಖ, ಕಾಲಿನ ಮೇಲೆ 20-30 ನಿಮಿಷ. ಕಿಟಕಿ ಗಾಜಿನ ಹಿಂದೆ ಕೂತರೆ ಉಪಯೋಗ ಇಲ್ಲ. ಏಪ್ರಿಲ್-ಮೇ ಬಿಸಿಲಿನಲ್ಲಿ ಗದಗಿನವರು ಹತ್ತು ಗಂಟೆಗೇ ಮುಗಿಸಿಕೊಳ್ಳಿ, ತಲೆಗೆ ಸೆರಗು ಇರಲಿ. ಧಾರವಾಡದ ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಆಗ, ಮತ್ತು ಮೈತುಂಬ ಬಟ್ಟೆ ತೊಡುವವರಿಗೆ, ಬಿಸಿಲೊಂದನ್ನೇ ನಂಬಿ ಕೂರುವುದು ಕಷ್ಟ. ಅದಕ್ಕೆ ಮುಂದಿನ ಹಂತ.

6. ಯಾವ ಪರೀಕ್ಷೆ, ಯಾವುದು ಬೇಡ

ಎಲ್ಲರೂ ಮೊದಲು ಮಾಡಿಸುವುದು ರಕ್ತದ ಕ್ಯಾಲ್ಸಿಯಂ. 9.2 ಬಂತು, ನಾರ್ಮಲ್ ಅಂತ ಖುಷಿಯಾಗಿ ಮನೆಗೆ ಬರುತ್ತಾರೆ. ಎಲುಬಿನ ಬಗ್ಗೆ ಇದು ಹೇಳುವುದು ಬಹಳ ಕಡಿಮೆ. ಮೈಯ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಎಲುಬು-ಹಲ್ಲಿನಲ್ಲಿದೆ. ರಕ್ತದಲ್ಲಿ ಕಡಿಮೆಯಾದ ಕೂಡಲೇ ದೇಹ ಎಲುಬಿನಿಂದ ತೆಗೆದು ಅಲ್ಲಿಗೆ ತುಂಬುತ್ತದೆ, ಕಣಜದಿಂದ ಕಾಳು ತೆಗೆದು ದಿನದ ಡಬ್ಬಿ ತುಂಬಿದ ಹಾಗೆ. ಡಬ್ಬಿ ತುಂಬಿದೆ ಅಂದರೆ ಕಣಜ ತುಂಬಿದೆ ಅಂತ ಅರ್ಥ ಅಲ್ಲ.

ವಿಟಮಿನ್ ಡಿಗೆ ಮಾಡಿಸುವುದು 25 ಹೈಡ್ರಾಕ್ಸಿ ವಿಟಮಿನ್ ಡಿ ಅನ್ನುವ ರಕ್ತ ಪರೀಕ್ಷೆ. 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಅನ್ನುತ್ತಾರೆ. 20ರಿಂದ 30 ಸಾಲದು ಅನ್ನುವವರು ಬಹಳ ಜನ.

ಎಲುಬಿನ ಗಟ್ಟಿತನ ಅಳೆಯುವುದು ಡೆಕ್ಸಾ ಸ್ಕ್ಯಾನ್. ಟೊಂಕ ಮತ್ತು ತೊಡೆಯ ಕೀಲಿನ ಮೇಲೆ ಬಹಳ ಸಣ್ಣ ಪ್ರಮಾಣದ ಎಕ್ಸ್‌ರೇ. ಮಲಗಿದ್ದರೆ ಸಾಕು, ಕಾಲು ಗಂಟೆಯೊಳಗೆ ಮುಗಿಯುತ್ತದೆ. ರಿಪೋರ್ಟಿನಲ್ಲಿ ಟಿ-ಸ್ಕೋರ್ ಅಂತ ಇರುತ್ತದೆ. ಹರೆಯದ ಹೆಣ್ಣುಮಗಳ ಎಲುಬಿಗೆ ಹೋಲಿಸಿ ನಿಮ್ಮದು ಎಷ್ಟು ಕೆಳಗಿದೆ ಅನ್ನುವ ಅಂಕಿ. ಮೈನಸ್ 1ರವರೆಗೆ ಚಿಂತೆ ಇಲ್ಲ. ಮೈನಸ್ 1ರಿಂದ ಮೈನಸ್ 2.5ರ ನಡುವೆ ಆಸ್ಟಿಯೋಪೀನಿಯಾ, ಅಂದರೆ ಟೊಳ್ಳಾಗುವ ದಾರಿಯಲ್ಲಿದೆ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಆಸ್ಟಿಯೋಪೊರೋಸಿಸ್. 65 ದಾಟಿದವರೆಲ್ಲ ಒಮ್ಮೆ ಮಾಡಿಸುವುದು ಒಳ್ಳೆಯದು. ಎರಡನೇ ಹಂತದಲ್ಲಿ ಬರೆದ ಅಪಾಯಗಳು ಇದ್ದರೆ ಅದಕ್ಕೂ ಮೊದಲೇ. ಸ್ಕ್ಯಾನಿನ ದಿನ ಕ್ಯಾಲ್ಸಿಯಂ ಗುಳಿಗೆ ನುಂಗಬೇಡಿ. ಮತ್ತೆ ಮಾಡಿಸುವಾಗ ಸಾಧ್ಯವಾದರೆ ಅದೇ ಯಂತ್ರದಲ್ಲಿ ಮಾಡಿಸಿ. ಯಂತ್ರ ಬದಲಾದರೆ ಅಂಕಿ ಹೋಲಿಸಲು ಬರುವುದಿಲ್ಲ.

ಉಚಿತ ಶಿಬಿರಗಳಲ್ಲಿ ಹಿಮ್ಮಡಿಗೆ ಜೆಲ್ಲು ಹಚ್ಚಿ ಒಂದು ನಿಮಿಷದಲ್ಲಿ ಹೇಳುತ್ತಾರಲ್ಲ, ಅದು ಬೇರೆ. ಅದು ಸೋಸುವ ಜರಡಿ, ತಕ್ಕಡಿ ಅಲ್ಲ. ಅಲ್ಲಿ ಕಡಿಮೆ ಬಂದರೆ ಡೆಕ್ಸಾ ಮಾಡಿಸಿ. ಶಿಬಿರದ ಪಕ್ಕದ ಟೇಬಲ್ಲಿನಲ್ಲೇ ಮೂರು ತಿಂಗಳ ಪೌಡರ್ ಡಬ್ಬಿ ಕೊಳ್ಳಬೇಡಿ.

ಗದಗ ಜಿಲ್ಲೆಯವರಿಗೆ, ಅದರಲ್ಲೂ ಮುಂಡರಗಿ ಕಡೆಯವರಿಗೆ ಒಂದು ವಿಶೇಷ ಮಾತು. ಅಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಚಿಕ್ಕಂದಿನಿಂದ ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತದೆ. ಫ್ಲೋರೈಡ್ ಇನ್ನೂ ಹೆಚ್ಚಿದ್ದರೆ ಕ್ರಮೇಣ ಬೆನ್ನು, ಕೀಲು ಬಿಗಿಯುತ್ತವೆ. ಇಂಥವರ ಎಲುಬು ಸ್ಕ್ಯಾನಿನಲ್ಲಿ ಗಟ್ಟಿ ಕಾಣಬಹುದು, ಒಳಗೆ ಮಾತ್ರ ಪೆಡಸು. ನೀವು ಬೆಳೆದದ್ದು ಅಂಥ ಊರಿನಲ್ಲಾದರೆ ಡಾಕ್ಟರಿಗೆ ಹೇಳಿ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಶುದ್ಧ ನೀರಿನ ಘಟಕದ ಆರ್‌ಓ ನೀರನ್ನು ಕುಡಿಯಲಿಕ್ಕೂ ಅಡಿಗೆಗೂ ಬಳಸಿ. ಕುಡಿಯಲು ಆರ್‌ಓ, ಬೇಳೆ ಬೇಯಿಸಲು ಬೋರಿನ ನೀರು ಅಂದರೆ ಅರ್ಧ ಕೆಲಸ ಆದ ಹಾಗೆ.

7. ಗುಳಿಗೆ ನುಂಗುವ ರೀತಿ

ಊಟದ ಲೆಕ್ಕ 1200 ಮುಟ್ಟಿದರೆ ಕ್ಯಾಲ್ಸಿಯಂ ಗುಳಿಗೆ ಬೇಡವಾಗಬಹುದು. 700 ಬಂದರೆ ಉಳಿದ 500ಕ್ಕೆ ಮಾತ್ರ ಸಾಕು. ಅದಕ್ಕೇ ನೋಟ್‌ಬುಕ್ಕನ್ನು ಡಾಕ್ಟರ ಹತ್ತಿರ ಒಯ್ಯಿರಿ. ಊಟ, ಗುಳಿಗೆ ಎರಡೂ ಸೇರಿ ದಿನಕ್ಕೆ 2000 ದಾಟಬಾರದು. ಕಿಡ್ನಿ ಕಲ್ಲು ಆಗಿದ್ದವರು ಕೇಳದೆ ಶುರು ಮಾಡಲೇಬಾರದು.

ಗುಳಿಗೆ ಪಟ್ಟಿಯ (ಸ್ಟ್ರಿಪ್) ಹಿಂದೆ ಓದಿ. ದೊಡ್ಡ ಅಕ್ಷರದಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟ್ 1250 ಅಂತ ಇರುತ್ತದೆ. ಅದರ ಕೆಳಗೆ ಸಣ್ಣಕ್ಕೆ "ಎಲಿಮೆಂಟಲ್ ಕ್ಯಾಲ್ಸಿಯಂ 500". ನಿಮಗೆ ಸಿಗುವುದು ಆ 500. ಕಾರ್ಬೋನೇಟ್ ಆದರೆ ಊಟದ ಜೊತೆಗೆ ನುಂಗಿ, ಹೊಟ್ಟೆಯ ಆಮ್ಲ ಬೇಕು ಅದಕ್ಕೆ. ಸಿಟ್ರೇಟ್ ಆದರೆ ಯಾವಾಗಲಾದರೂ ಆದೀತು. ವರ್ಷಗಟ್ಟಲೆ ಗ್ಯಾಸ್ ಗುಳಿಗೆ ತೆಗೆದುಕೊಳ್ಳುವವರಿಗೆ ಸಿಟ್ರೇಟ್ ವಾಸಿ. ಒಂದು ಸಲಕ್ಕೆ 500ಕ್ಕಿಂತ ಜಾಸ್ತಿ ಬೇಡ, ಮೈ ಹಿಡಿಯುವುದಿಲ್ಲ.

ಥೈರಾಯ್ಡ್ ಗುಳಿಗೆ ಮತ್ತು ಕ್ಯಾಲ್ಸಿಯಂ ನಡುವೆ 4 ತಾಸು ಅಂತರ ಇರಲಿ. ಕಬ್ಬಿಣದ ಗುಳಿಗೆಗೆ 2 ತಾಸು. ಬೆಳಿಗ್ಗೆ ಮೂರನ್ನೂ ಅಂಗೈಯಲ್ಲಿ ಹಾಕಿಕೊಂಡು ಒಂದೇ ಗುಟುಕಿಗೆ ನುಂಗುವುದು ಬಹಳ ಮನೆಗಳಲ್ಲಿ ನಡೆಯುತ್ತಿದೆ. ಥೈರಾಯ್ಡ್ ಗುಳಿಗೆ ನಾಟದೆ ಹೋಗುತ್ತದೆ. ಡೋಸು ಯಾಕೆ ಏರುತ್ತಿದೆ ಅಂತ ಆಮೇಲೆ ತಲೆ ಕೆಡಿಸಿಕೊಳ್ಳುತ್ತೀರಿ.

ಅತಿ ದೊಡ್ಡ ತಪ್ಪು ವಿಟಮಿನ್ ಡಿಯಲ್ಲಿ. 60,000 ಯೂನಿಟ್ಟಿನ ಸ್ಯಾಶೆ ಅಥವಾ ಕ್ಯಾಪ್ಸೂಲು ವಾರಕ್ಕೆ ಒಂದು, ಸಾಮಾನ್ಯವಾಗಿ 8 ವಾರ. ಆಮೇಲೆ ಡಾಕ್ಟರು ಹೇಳಿದಂತೆ ತಿಂಗಳಿಗೊಂದೋ ಏನೋ. ಇದನ್ನು ದಿನಾ ನುಂಗಿದವರಿದ್ದಾರೆ. ಹಳೇ ಚೀಟಿ ತೋರಿಸಿ ಎರಡು ಮೂರು ವರ್ಷ ಪ್ರತಿ ವಾರ ಕೊಂಡವರೂ ಇದ್ದಾರೆ. ಈ ವಿಟಮಿನ್ ಹೆಚ್ಚಾದರೆ ಮೂತ್ರದಲ್ಲಿ ಹೋಗುವುದಿಲ್ಲ, ಮೈಯ ಕೊಬ್ಬಿನಲ್ಲಿ ಕೂರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಗೊಂದಲ, ಕಿಡ್ನಿಗೆ ಪೆಟ್ಟು. ಕ್ಯಾಲೆಂಡರಿನಲ್ಲಿ ವಾರ ಗುರುತು ಹಾಕಿ, ಮುಗಿಯುವ ತಾರೀಖನ್ನೂ ಬರೆಯಿರಿ.

ಆಸ್ಟಿಯೋಪೊರೋಸಿಸ್ ಇದೆ ಅಂತ ಖಚಿತವಾದರೆ ಬೇರೆ ಔಷಧ ಕೊಡುತ್ತಾರೆ. ಕ್ಯಾಲ್ಸಿಯಂ ಒಂದರಿಂದ ಅದು ವಾಸಿಯಾಗುವುದಿಲ್ಲ. ವಾರಕ್ಕೊಮ್ಮೆಯ ಅಲೆಂಡ್ರೊನೇಟ್ ಗುಳಿಗೆಯಾದರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಒಂದು ತುಂಬು ಲೋಟ ಬರೀ ನೀರಿನಲ್ಲಿ. ಆಮೇಲೆ ಅರ್ಧ ತಾಸು ಚಹಾ ಇಲ್ಲ, ತಿಂಡಿ ಇಲ್ಲ, ಮಲಗುವುದಂತೂ ಇಲ್ಲ. ಮಲಗಿದರೆ ಗುಳಿಗೆ ಅನ್ನನಾಳದಲ್ಲಿ ನಿಂತು ಹುಣ್ಣು ಮಾಡುತ್ತದೆ. ಆರು ತಿಂಗಳಿಗೊಮ್ಮೆಯ ಡೆನೊಸುಮ್ಯಾಬ್ ಇಂಜೆಕ್ಷನ್ ಶುರು ಮಾಡಿದ್ದರೆ ತಾರೀಖು ತಪ್ಪಿಸಬೇಡಿ. ನಡುವೆ ಬಿಟ್ಟರೆ ಎಲುಬು ಮೊದಲಿಗಿಂತ ಬೇಗ ಸೋರುತ್ತದೆ. ಹಲ್ಲು ಕೀಳಿಸುವ ಮುಂಚೆ ಈ ಔಷಧಗಳ ಹೆಸರನ್ನು ಹಲ್ಲಿನ ಡಾಕ್ಟರಿಗೆ ಹೇಳಿ.

8. ಎಲುಬಿಗೆ ಭಾರ ಕೊಡಿ

"ದಿನವಿಡೀ ಮನೆಗೆಲಸ ಮಾಡ್ತೀನಲ್ಲ" ಅನ್ನುತ್ತೀರಿ. ಮಾಡುತ್ತೀರಿ, ನಿಜ. ಆದರೆ ರೊಟ್ಟಿ ಬಡಿಯುವುದು, ಪಾತ್ರೆ ತಿಕ್ಕುವುದು ತೊಡೆಗೂ ಟೊಂಕಕ್ಕೂ ಕೆಲಸ ಕೊಡುವುದಿಲ್ಲ. ಉಣಕಲ್ ಕೆರೆಯ ದಂಡೆಯಲ್ಲೋ ಸಾಧನಕೇರಿಯಲ್ಲೋ ಅರ್ಧ ತಾಸು ಚುರುಕಾಗಿ ನಡೆಯಿರಿ. ನಡಿಗೆ ಒಂದೇ ಸಾಲದು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಅಡಿಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಹದಿನೈದು ಸಲ. ಅದೇ ಕಟ್ಟೆ ಹಿಡಿದು ಒಂದು ಕಾಲ ಮೇಲೆ ಹತ್ತು ಎಣಿಸುವವರೆಗೆ ನಿಲ್ಲಿ. ಹಾಲು ಉಕ್ಕುವುದನ್ನು ಕಾಯುವಾಗ ಮಾಡಿದರೆ ಬೇರೆ ಸಮಯವೇ ಬೇಡ.

ಟಿ-ಸ್ಕೋರ್ ಮೈನಸ್ 2.5ಕ್ಕಿಂತ ಕೆಳಗಿದ್ದವರು ಯೋಗ ಶಿಬಿರದಲ್ಲಿ ಎಲ್ಲರ ಜೊತೆ ಬಗ್ಗಿ ಕಾಲ್ಬೆರಳು ಮುಟ್ಟಲು ಹೋಗಬೇಡಿ. ಬೆನ್ನು ಮುಂದಕ್ಕೆ ಬಗ್ಗಿಸುವ ಆಸನಗಳಲ್ಲಿ ಟೊಳ್ಳು ಮಣಿ ಕುಸಿಯುವ ಅಪಾಯ ಇದೆ. ತುಂಬಿದ ಕೊಡವನ್ನು ಬಗ್ಗಿ ಎತ್ತುವುದಕ್ಕೂ ಇದೇ ಮಾತು. ಮೊಣಕಾಲು ಮಡಚಿ, ಕೊಡವನ್ನು ಮೈಗೆ ಹತ್ತಿರ ಹಿಡಿದು ಎತ್ತಿ. ಬೇರೆಯವರು ಎತ್ತಿದರೆ ಇನ್ನೂ ಚೆನ್ನ.

9. ಬೀಳದ ಹಾಗೆ ಮನೆ ನೋಡಿ

ನಮ್ಮ ಅವ್ವ ಮಣಿಕಟ್ಟು ಮುರಿದುಕೊಂಡದ್ದು ಬಚ್ಚಲಿನ ಹೊಸ್ತಿಲಲ್ಲಿ, ಬೆಳಗಿನ ಜಾವ ಐದಕ್ಕೆ. ದೀಪದ ಸ್ವಿಚ್ಚು ಬಚ್ಚಲಿನ ಒಳಗಿತ್ತು. ಕತ್ತಲಲ್ಲಿ ಒಳಗೆ ಕಾಲಿಟ್ಟ ಮೇಲೆ ದೀಪ ಹಚ್ಚಬೇಕು!

ಹಾಗಾಗಿ ಮೊದಲು ಸ್ವಿಚ್ಚು ಹೊರಗೆ ಹಾಕಿಸಿ. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ಒಂದು ಸಣ್ಣ ದೀಪ ಇರಲಿ. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿ. ಟವೆಲ್ ಹಾಕುವ ಸರಳು ಹಿಡಿಕೆ ಅಲ್ಲ, ಮೈಭಾರ ಬಿದ್ದರೆ ಕಿತ್ತು ಬರುತ್ತದೆ. ನೆಲದ ಹಾಸುಗಲ್ಲು ಸೋಪಿನ ನೀರಿಗೆ ಜಾರುತ್ತದೆ, ದಿನಾ ಒರಟು ಪೊರಕೆಯಿಂದ ತಿಕ್ಕಿಸಿ. ಸವೆದ ಹವಾಯಿ ಚಪ್ಪಲಿ ಎಸೆಯಿರಿ. ಕಣ್ಣಿನ ಪೊರೆ ಇದ್ದರೆ ಆಪರೇಷನ್ ಮುಂದೂಡಬೇಡಿ. ನಿದ್ದೆ ಗುಳಿಗೆ, ಬಿಪಿ ಗುಳಿಗೆ ತೆಗೆದುಕೊಂಡವರು ರಾತ್ರಿ ಎದ್ದಾಗ ಒಂದು ನಿಮಿಷ ಹಾಸಿಗೆಯ ಅಂಚಿನಲ್ಲಿ ಕೂತು ಆಮೇಲೆ ನಿಲ್ಲಿ.

ಬಿದ್ದ ಮೇಲೆ ಎದ್ದು ನಿಲ್ಲಲು ಆಗದಿದ್ದರೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ, ತೊಡೆ ಸಂದಿಯಲ್ಲಿ ಜೋರು ನೋವಿದ್ದರೆ ಎಣ್ಣೆ ತಿಕ್ಕಬೇಡಿ, ಎಬ್ಬಿಸಿ ನಡೆಸಬೇಡಿ. ಹಾಗೇ ಮಲಗಿಸಿ 108ಕ್ಕೆ ಫೋನ್ ಮಾಡಿ.